ಗಾಜಮ್ಮನ ಸೇಡು

ನನ್ನ ಅತ್ತಿಗೆ ಯಾರನ್ನೂ ಸುಲಭಕ್ಕೆ ಕ್ಷಮಿಸಿದವಳಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಹೊಟ್ಟೆಗೆ ಹಾಕಿಕೋ, ಮರೆತುಬಿಡು ಎಂದು ಉಪದೇಶ ಮಾಡುವವರನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಮುಕ್ಕಾಲು ಪಾಲು ಏಟು ತಿಂದವರಲ್ಲ, ಕೊಟ್ಟವರು.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾಳೆ. ಮನೆಯಲ್ಲಿ ಎರಡು ಕೋಣೆ. ಒಂದು ನಮ್ಮದು, ಇನ್ನೊಂದು ಅವಳದೂ ನನ್ನ ಮಗಳದೂ. ನಾವಿಬ್ಬರೂ ದುಡಿಯುವುದು ಒಂದೇ ಹೈಸ್ಕೂಲಿನಲ್ಲಿ. ನಾನು ಆಫೀಸಿನಲ್ಲಿ ಟೈಪಿಸ್ಟು, ಅವಳು ಲ್ಯಾಬ್ ಸಹಾಯಕಿ. ಮಕ್ಕಳು ಅವಳಿಗೆ ಇಟ್ಟ ಹೆಸರು ಗಾಜಮ್ಮ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ತೊಳೆದ ಬೀಕರನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಾಳೆ. ನೀರು ಹನಿಹನಿಯಾಗಿ ಅಂಟಿಕೊಂಡಿದ್ದರೆ ಗಾಜು ಇನ್ನೂ ಕೊಳಕು. ಒಂದೇ ಪೊರೆಯಾಗಿ ಜಾರಿದರೆ ಮಾತ್ರ ಚೊಕ್ಕಟ. ಮನೆಯಲ್ಲೂ ಇದೇ ಪರೀಕ್ಷೆ. ನಾನು ತೊಳೆದಿಟ್ಟ ಲೋಟವನ್ನು ನೆಂಟರ ಎದುರೇ ಬೆಳಕಿಗೆ ಹಿಡಿದು, "ಇನ್ನೊಂದ್ಸಲ" ಎಂದು ನನ್ನ ಕೈಗೆ ವಾಪಸು ಕೊಟ್ಟಿದ್ದಾಳೆ. ಮದುವೆಯಾದ ಹೊಸದರಲ್ಲಿ ನಾನು ಅದಕ್ಕೆ ಅತ್ತದ್ದೂ ಉಂಟು. ಆಮೇಲೆ ಅವಳ ಕಥೆ ಗೊತ್ತಾಯಿತು. ಅಂದಿನಿಂದ ಲೋಟ ಎಷ್ಟು ಸಲ ತೊಳೆಸಿದರೂ ತುಟಿ ಪಿಟಕ್ಕೆಂದಿಲ್ಲ.

ಅವಳು ಓದಿದ್ದೂ ಇದೇ ಶಾಲೆಯಲ್ಲಿ. ಆಗ ಇಲ್ಲಿ ಲ್ಯಾಬ್ ಇರಲಿಲ್ಲ. ಬೋರ್ಡಿನ ಮೇಲೆ ಬೀಕರಿನ ಚಿತ್ರ ಬರೆದು, ಒಳಗೆ ನೀಲಿ ಸೀಮೆಸುಣ್ಣ ತಿಕ್ಕಿದರೆ ಪ್ರಯೋಗ ಮುಗಿಯಿತು. ಬರವಣಿಗೆಯ ಪರೀಕ್ಷೆ ಪಾಸಾದರೆ ಸರ್ಟಿಫಿಕೇಟು, ಅಷ್ಟೇ ನಿಯಮ. ಅವಳ ಕೊನೆಯ ವರ್ಷ ಅರ್ಧ ಕಳೆದ ಮೇಲೆ ಮೇಲಿನವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಇನ್ನು ಮುಂದೆ ಪ್ರಾಯೋಗಿಕ ಪರೀಕ್ಷೆಯಲ್ಲೂ ಬೇರೆಯಾಗಿ ಪಾಸಾಗಬೇಕು, ಇಲ್ಲವಾದರೆ ಬರವಣಿಗೆಯಲ್ಲಿ ನೂರಕ್ಕೆ ನೂರು ತೆಗೆದರೂ ಸರ್ಟಿಫಿಕೇಟಿಲ್ಲ. ಲ್ಯಾಬ್ ಇಲ್ಲದ ಶಾಲೆಗಳಿಗೆ ಪೇಟೆಯ ಕಾಲೇಜಿನಲ್ಲಿ ಎಂಟೆಂಟು ಜಾಗ ಕೊಟ್ಟರು. ಎಂಟು ಶನಿವಾರ ಅಲ್ಲಿಗೆ ಹೋಗಿ ಕಲಿತು, ಅಲ್ಲೇ ಪರೀಕ್ಷೆ ಕೊಟ್ಟು ಬರಬೇಕು. ಆ ಎಂಟು ಮಂದಿಯನ್ನು ಅರ್ಧವಾರ್ಷಿಕ ಪರೀಕ್ಷೆಯ ಅಂಕದ ಮೇಲೆ ಆರಿಸಬೇಕೆಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿಯೇ ಇತ್ತು.

ಅರ್ಧವಾರ್ಷಿಕದಲ್ಲಿ ಇಡೀ ಶಾಲೆಗೆ ಮೊದಲು ಬಂದವಳು ಅತ್ತಿಗೆ. ಆಗಿನ ಹೆಡ್ ಮಾಸ್ತರರು ಸುತ್ತೋಲೆಯನ್ನು ಮೇಜಿನ ಡ್ರಾಯರಿಗೆ ಸೇರಿಸಿ ಬೀಗ ಹಾಕಿದರು. ಅದೇ ತರಗತಿಯಲ್ಲಿ ಓದುತ್ತಿದ್ದ ತಮ್ಮ ಮಗಳ ಹೆಸರನ್ನೂ, ತಮ್ಮ ಮನೆಗೆ ಟ್ಯೂಷನ್ನಿಗೆ ಬರುತ್ತಿದ್ದ ಏಳು ಮಕ್ಕಳ ಹೆಸರನ್ನೂ ಬರೆದು ಕಳಿಸಿ ಕೈತೊಳೆದುಕೊಂಡರು. ಮಗಳು ಕೂರುತ್ತಿದ್ದದ್ದು ಅತ್ತಿಗೆಯ ಬೆಂಚಿನಲ್ಲೇ, ಪಕ್ಕದಲ್ಲೇ. ಅವಳೂ ಬಾಯಿ ಬಿಡಲಿಲ್ಲ. ಹಾಲ್ ಟಿಕೆಟ್ ಕೈಗೆ ಬಂದಾಗ ಪ್ರಾಯೋಗಿಕದ ಮುಂದೆ ಕೆಂಪು ಗೆರೆ ಎಳೆದಿತ್ತು. ಅತ್ತಿಗೆಗೆ ವಿಷಯ ತಿಳಿದದ್ದೇ ಆಗ.

ನನ್ನ ಅತ್ತೆ, ಎಂದರೆ ಅವಳ ತಾಯಿ, ಒಂಬತ್ತು ದಿನ ಶಾಲೆಯ ಗೇಟಿನ ಮುಂದೆ ನಿಂತರು. "ಮೇಲಿನಿಂದ ಬಂದ ಪಟ್ಟಿ, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದರು ಹೆಡ್ ಮಾಸ್ತರರು. ಔಷಧ ತಯಾರಿಯ ಕೋರ್ಸಿಗೆ ಅವಳ ಹೆಸರು ಆಯ್ಕೆಯಾಗಿತ್ತು, ಸರ್ಟಿಫಿಕೇಟಿಲ್ಲದೆ ಅದೂ ಹೋಯಿತು. ಮುಂದಿನ ವರ್ಷ ಕಟ್ಟಬಹುದಲ್ಲ ಎನ್ನುತ್ತೀರಾ? ಮುಂದಿನ ವರ್ಷ ಪಠ್ಯಕ್ರಮವನ್ನೇ ಬದಲಾಯಿಸಿದರು. ಹಳೆಯ ಅಂಕಗಳೆಲ್ಲ ರದ್ದು, ಮೊದಲಿನಿಂದ ಎರಡು ವರ್ಷ ಓದಬೇಕು. ಅಷ್ಟು ಹೊತ್ತಿಗೆ ಮಾವ ಹಾಸಿಗೆ ಹಿಡಿದಿದ್ದರು, ನನ್ನ ಗಂಡನಿಗೆ ಒಂಬತ್ತು ವರ್ಷ. ಮೇಲಿನವರು ನಿಯಮ ಬದಲಾಯಿಸುವುದು ಹಾಸಿಗೆಯ ಚಾದರ ಬದಲಾಯಿಸಿದ ಹಾಗೆ. ಮೇಲೆ ಮಲಗಿದ್ದವರು ಎಲ್ಲಿ ಬಿದ್ದರೆಂದು ಯಾರೂ ನೋಡುವುದಿಲ್ಲ.

ಅಷ್ಟರಲ್ಲಿ ಶಾಲೆಗೆ ಲ್ಯಾಬ್ ಬಂತು. ಗೇಟಿನ ಮುಂದೆ ನಿಂತ ತಾಯಿಯ ಬಾಯಿ ಮುಚ್ಚಿಸಲು ಹೆಡ್ ಮಾಸ್ತರರು ಅತ್ತಿಗೆಗೆ ಲ್ಯಾಬ್ ತೊಳೆಯುವ ಕೆಲಸ ಕೊಟ್ಟರು. "ಬೇಡ ಕಣೇ, ಅದಕ್ಕಿಂತ ಕಲ್ಲು ಒಡಿ" ಎಂದರಂತೆ ಅತ್ತೆ. ಇವಳು ಒಪ್ಪಿಕೊಂಡಳು. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ದಿನಾ ಅವರ ಕಣ್ಣಿಗೆ ಬೀಳ್ತಿರಬೇಕು ಅನ್ನಿಸ್ತು," ಎಂದಳು. "ನಾನು ಎಲ್ಲೋ ಹೋಗಿಬಿಟ್ರೆ ಅವರು ಆರಾಮಾಗಿ ಮರೆತುಬಿಡ್ತಾರೆ."

ಹೆಡ್ ಮಾಸ್ತರರು ಮಾತ್ರ ನಾಲ್ಕೇ ವರ್ಷಕ್ಕೆ ನಿವೃತ್ತರಾದರು, ಆಮೇಲೆ ಸತ್ತರು. ಒಂದು ದಿನವೂ ನಿದ್ದೆಗೆಟ್ಟ ಸುದ್ದಿಯಿಲ್ಲ. ಅತ್ತಿಗೆ ಉಳಿದಳು. ವಿಜ್ಞಾನದ ಮೇಷ್ಟ್ರುಗಳು ಬಂದರು, ಹೋದರು. ಹೊಸಬರಿಗೆ ಬ್ಯೂರೆಟ್ಟಿನ ಅಳತೆ ಕೊಳವೆಯ ಮೇಲೆ ಆಲಿಕೆ ಬಿಡಬಾರದು, ಬಿಟ್ಟರೆ ಹನಿ ಇಳಿದು ಅಳತೆ ತಪ್ಪುತ್ತದೆ ಎಂದು ಪಕ್ಕದಲ್ಲಿ ನಿಂತು ಪಿಸುಗುಟ್ಟಿ ಕಲಿಸಿದವಳು ಇವಳು. ಮೂವತ್ತೈದು ವರ್ಷದಲ್ಲಿ ಎಷ್ಟೋ ಸಾವಿರ ಮಕ್ಕಳನ್ನು ಆ ಪ್ರಾಯೋಗಿಕ ಪರೀಕ್ಷೆಯಲ್ಲಿ ದಾಟಿಸಿದಳು, ತಾನೊಬ್ಬಳು ದಾಟಲಿಲ್ಲ.

ಏಳು ವರ್ಷದ ಹಿಂದೆ ಹೊಸ ಹೆಡ್ ಮೇಡಂ ಬಂದರು. ಯಾರು? ಅದೇ ಹೆಡ್ ಮಾಸ್ತರರ ಮಗಳು, ಅದೇ ಬೆಂಚಿನ ಗೆಳತಿ. ಮೊದಲ ದಿನ ಲ್ಯಾಬಿಗೆ ಬಂದು, ಕನ್ನಡಕದ ಮೇಲಿನಿಂದ ನೋಡಿ, "ಓ, ನೀವು ಇನ್ನೂ ಇಲ್ಲೇ ಇದ್ದೀರಾ?" ಎಂದರು. ಹದಿನಾರು ವರ್ಷದವರೆಗೆ ಹೋಗೇ ಬಾರೇ ಎಂದವರು ಈಗ ನೀವು ತಾವು. ಕೋಣೆಯ ಗೋಡೆಗೆ ಅಪ್ಪನ ಫೋಟೋ ತೂಗುಹಾಕಿಸಿದರು. ಅದಕ್ಕೆ ಮೊಳೆ ಹೊಡೆದವಳೂ ಅತ್ತಿಗೆಯೇ. ನಾನಾಗಿದ್ದರೆ ಮೊಳೆಯನ್ನು ಎಲ್ಲಿಗೆ ಹೊಡೆಯುತ್ತಿದ್ದೆನೋ ಹೇಳಲಾರೆ.

ಮೂರು ವರ್ಷದ ಹಿಂದೆ ನಿಯಮ ಮತ್ತೆ ಮಗುಚಿತು. ಮಕ್ಕಳಿಗೆ ಹೊರೆಯಾಗುತ್ತದೆ, ಆದ್ದರಿಂದ ಪಾಸಾಗಲು ಪ್ರಾಯೋಗಿಕ ಬೇಡ, ಬರವಣಿಗೆ ಸಾಕು ಎಂದರು, ಲ್ಯಾಬ್ ತರಗತಿ ನಿಲ್ಲಿಸಿ ಎಂದೇನೂ ಹೇಳಿರಲಿಲ್ಲ. ಹೆಡ್ ಮೇಡಂ ಒಂದು ವಾರವೂ ಕಾಯಲಿಲ್ಲ. ಲ್ಯಾಬಿನ ಪೀರಿಯಡ್ಡುಗಳನ್ನು ಪ್ರಶ್ನೋತ್ತರ ಉರುಹೊಡೆಸಲು ಕೊಟ್ಟರು, ವಿಜ್ಞಾನ ಮೇಷ್ಟ್ರ ಹುದ್ದೆಯನ್ನು ಬಿಟ್ಟುಕೊಟ್ಟರು, ಮುರಿದ ಬೆಂಚುಗಳನ್ನು ಲ್ಯಾಬಿಗೆ ತುಂಬಿಸಿದರು. ಆ ಆದೇಶವನ್ನು ಟೈಪು ಮಾಡಿದ ಬೆರಳುಗಳು ನನ್ನವೇ. ಶಾಲೆಯ ಫಲಿತಾಂಶ ನೂರಕ್ಕೆ ತೊಂಬತ್ತೆಂಟಕ್ಕೆ ಏರಿತು, ಮೇಡಂಗೆ ಫಲಕ ಸಿಕ್ಕಿತು. ಹೀಗೆ ಪಾಸಾದ ಹುಡುಗಿಯೊಬ್ಬಳು ಮರುವರ್ಷ ಅತ್ತಿಗೆಯನ್ನು ಹುಡುಕಿಕೊಂಡು ಬಂದಳು. ಕಾಲೇಜಿನಲ್ಲಿ ಎಲ್ಲರೆದುರು ಪಿಪೆಟ್ಟನ್ನು ತಲೆಕೆಳಗು ಹಿಡಿದಳಂತೆ, ಎಲ್ಲರೂ ನಕ್ಕರಂತೆ. ಮೂಲೆಯ ಬೆಂಚುಗಳನ್ನು ಸರಿಸಿ ಅತ್ತಿಗೆ ಅವಳಿಗೆ ಮಧ್ಯಾಹ್ನವೆಲ್ಲ ಕಲಿಸಿ ಕಳಿಸಿದಳು.

ಆ ಮೂರು ವರ್ಷ ಅವಳನ್ನು ಗಂಟೆ ಹೊಡೆಯಲು, ಕಡತ ಹೊರಲು ಹಾಕಿದ್ದರು. ಆದರೂ ಬೆಳಗ್ಗೆ ಮೊದಲು ಲ್ಯಾಬಿನ ಬೀಗ ತೆಗೆದು, ಧೂಳು ಒರೆಸಿ, ಲ್ಯಾಬ್ ದಿನಚರಿ ಬರೆಯುವುದನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಇದು ಇಲಾಖೆಯೇ ಕೊಡುವ ದಪ್ಪ ಪುಸ್ತಕ. ಪುಟಪುಟಕ್ಕೂ ಅಚ್ಚಿನ ಸಂಖ್ಯೆ, ಪ್ರತಿ ಹಾಳೆಗೂ ಮೊಹರು. ಒಂದು ಹಾಳೆ ಹರಿದರೂ ಗೊತ್ತಾಗುತ್ತದೆ. ಅದರಲ್ಲಿ ದಿನಕ್ಕೊಂದು ಸಾಲು ಬರೆದಳು. "ಎಂಟೂವರೆಗೆ ತೆರೆಯಲಾಯಿತು. ತರಗತಿ ಇಲ್ಲ. ಮುಚ್ಚಲಾಯಿತು." ಯಾರು ಓದುತ್ತಾರೆ ಇದನ್ನು ಎಂದು ನಾನು ನಗುತ್ತಿದ್ದೆ. "ಬರೀಬೇಡ ಅಂತ ಆದೇಶ ಬಂದಿಲ್ವಲ್ಲ" ಎನ್ನುತ್ತಿದ್ದಳು.

ಈ ವರ್ಷ, ವಾರ್ಷಿಕ ಪರೀಕ್ಷೆಗೆ ಎರಡು ತಿಂಗಳಿರುವಾಗ, ನಿಯಮ ಮೂರನೆಯ ಸಲ ಮಗುಚಿತು. ಮೇಲೆ ಯಾರೋ ಹೊಸಬರು ಬಂದಿದ್ದರು. ಪ್ರಾಯೋಗಿಕ ಮತ್ತೆ ಕಡ್ಡಾಯ, ಅದೂ ಈ ವರ್ಷದಿಂದಲೇ. ಪ್ರತಿಯೊಬ್ಬ ವಿದ್ಯಾರ್ಥಿ ಇಪ್ಪತ್ನಾಲ್ಕು ಪ್ರಯೋಗ ಮಾಡಿರಬೇಕು, ತನಿಖಾಧಿಕಾರಿ ಬಂದು ಮಾಡಿಸಿ ನೋಡುತ್ತಾರೆ, ಜೊತೆಗೆ ಶಾಲೆಯ ಲ್ಯಾಬ್ ದಿನಚರಿಯನ್ನೂ ತೆಗೆಸಿ ನೋಡುತ್ತಾರೆ. ಪ್ರಯೋಗ ಆಗದಿದ್ದರೆ ಸರ್ಟಿಫಿಕೇಟಿಲ್ಲ. ನಮ್ಮಲ್ಲಿ ಕೊನೆಯ ವರ್ಷದಲ್ಲಿದ್ದವರು ಅರವತ್ಮೂರು ಮಕ್ಕಳು. ಅಷ್ಟೂ ಜನ ಒಂದು ಪರೀಕ್ಷಾನಳಿಕೆಯನ್ನೂ ಮುಟ್ಟಿದವರಲ್ಲ. ಅರವತ್ಮೂರರಲ್ಲಿ ನನ್ನ ಮಗಳೂ ಒಬ್ಬಳು.

ಸುತ್ತೋಲೆ ಬಂದ ದಿನವೇ ಮೇಡಂ ಅತ್ತಿಗೆಯನ್ನು ಕರೆಸಿದರು. ಪತ್ರ ಬರೆದುಕೊಳ್ಳಲು ನಾನೂ ಅಲ್ಲಿದ್ದೆ. ಟೈಪಿಸ್ಟುಗಳನ್ನು ಯಾರೂ ಮನುಷ್ಯರೆಂದು ಎಣಿಸುವುದಿಲ್ಲ, ಹಾಗಾಗಿ ಎಲ್ಲವೂ ನಮ್ಮ ಎದುರೇ ನಡೆಯುತ್ತದೆ.

"ಆ ದಿನಚರಿ ಪುಸ್ತಕ ನಿಮ್ಮ ಹತ್ರಾನೇ ಇದೆಯಲ್ವಾ?" ಎಂದರು ಮೇಡಂ. "ಮೂರು ವರ್ಷದ ಪುಟ ಖಾಲಿ ಬಿದ್ದಿರುತ್ತೆ. ತರಗತಿ ನಡೀತಾ ಇತ್ತು ಅಂತ ತುಂಬಿಸಿಬಿಡಿ. ನಿಮ್ಮ ಅಕ್ಷರ ಚೆನ್ನಾಗಿದೆ."

ಬೀಗ ಜಡಿದ ಲ್ಯಾಬಿನ ದಿನಚರಿಯನ್ನು ಯಾರಾದರೂ ದಿನಾ ಬರೆದಾರು ಎಂಬುದು ಆಕೆಯ ತಲೆಗೆ ಹೊಳೆದೇ ಇರಲಿಲ್ಲ. ಕೆಲಸ ಮಾಡದವರಿಗೆ ಬೇರೆಯವರು ಮಾಡುತ್ತಾರೆಂದು ನಂಬುವುದು ಕಷ್ಟ. ಅತ್ತಿಗೆ ಕಣ್ಣು ಮಿಟುಕಿಸಲಿಲ್ಲ.

"ಪುಸ್ತಕ ನನ್ನ ಜವಾಬ್ದಾರಿ, ಮೇಡಂ" ಎಂದಳು ಅಷ್ಟೇ.

ಮೇಡಂಗೆ ಅದು ಒಪ್ಪಿಗೆಯಂತೆ ಕೇಳಿಸಿತು. ಡ್ರಾಯರಿನಿಂದ ಒಂದು ಅರ್ಜಿ ತೆಗೆದರು. ಹೊಸ ನಿಯಮದಲ್ಲಿ ಒಂದು ಕಲಮು ಇತ್ತು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಲ್ಯಾಬಿನಲ್ಲಿ ದುಡಿದವರಿಗೆ ಶಾಲೆಯ ಮುಖ್ಯಸ್ಥರು ಶಿಫಾರಸು ಮಾಡಿದರೆ, ತನಿಖಾಧಿಕಾರಿ ಪರೀಕ್ಷಿಸಿ ಹೈಸ್ಕೂಲು ಸರ್ಟಿಫಿಕೇಟು ಕೊಡಬಹುದು, ಈ ಒಂದು ವರ್ಷ ಮಾತ್ರ. ಮೇಡಂ ನಮ್ಮೆದುರೇ ಸಹಿ ಹಾಕಿ, ಕಾಗದವನ್ನು ಮೇಜಿನ ಮೇಲೆ ಜಾರಿಸಿದರು.

"ಜೊತೆಗೆ ಓದಿದವರು ಅಂತ ಮಾಡ್ತಿದ್ದೀನಿ. ನೀವು ನನ್ನ ಕೆಲಸ ಮಾಡಿ, ನಿಮ್ಮ ಕೆಲಸ ಆಗುತ್ತೆ."

ಅಪ್ಪ ಕಿತ್ತುಕೊಂಡದ್ದನ್ನು ಮಗಳು ಲಂಚವಾಗಿ ಕೊಡುತ್ತಿದ್ದಳು. ನನಗೆ ಆ ಮೇಜನ್ನೇ ಎತ್ತಿ ಹಾಕಬೇಕೆನ್ನುವಷ್ಟು ಸಿಟ್ಟು ಬಂತು. ಅತ್ತಿಗೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೊರಟಳು.

ಆ ಸಂಜೆ ಮನೆಯಲ್ಲಿ ಅವಳು ಕುರ್ಚಿಯ ತುದಿಯಲ್ಲಿ ಕೂತು, "ಸಿಕ್ಕಿದಳು ಕಣೇ" ಎಂದಳು. "ಪುಸ್ತಕ ಹೇಗಿದೆಯೋ ಹಾಗೇ ತನಿಖೆಯವರ ಮುಂದೆ ಇಡ್ತೀನಿ. ಒಂದು ಅಕ್ಷರ ತಿದ್ದಲ್ಲ. ಅವರು ಅವಳ ಬೆವರಿಳಿಸೋದನ್ನ ಕಣ್ಣಾರೆ ನೋಡ್ತೀನಿ."

"ಬಿಡಬೇಡಿ ಅತ್ತಿಗೆ!" ಎಂದೆ. ಖುಷಿಗೆ ಸೌಟು ಕೈಯಲ್ಲಿದ್ದದ್ದೇ ಮರೆತು ಕೈ ತಟ್ಟಿದೆ. "ನೀರು ಕುಡಿಸಿ ಅವಳಿಗೆ!"

ಬಾಗಿಲ ಬಳಿ ನನ್ನ ಮಗಳು ನಿಂತಿದ್ದಳು. "ಅತ್ತೆ," ಎಂದಳು ಮೆಲ್ಲಗೆ, "ಹಾಗಾದ್ರೆ ನಾವು?"

ನನ್ನ ಕೈ ಗಾಳಿಯಲ್ಲೇ ನಿಂತಿತು. ನಾಚಿಕೆಯ ಮಾತು, ಹೆತ್ತ ಮಗಳು ನನಗೆ ಆ ಹೊತ್ತು ನೆನಪೇ ಆಗಿರಲಿಲ್ಲ. ಅತ್ತಿಗೆ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಹದಿನಾರು ವರ್ಷ, ಎರಡು ಜಡೆ, ಬೆರಳಿಗೆ ಶಾಯಿ. ಆಮೇಲೆ ಸುತ್ತೋಲೆಯ ಪ್ರತಿ ಕೊಡು ಎಂದಳು. ಮೂರು ಸಲ ಓದಿದಳು. ಬೆರಳಿಟ್ಟು ಒಂದು ಸಾಲನ್ನು ನನಗೆ ತೋರಿಸಿದಳು. ವರ್ಷದೊಳಗೆ ಇಪ್ಪತ್ನಾಲ್ಕು ಪ್ರಯೋಗ ಆಗಿರಬೇಕು ಎಂದಿತ್ತು. ಯಾವ ತಿಂಗಳಲ್ಲಿ ಎಷ್ಟು ಎಂದು ಎಲ್ಲೂ ಇರಲಿಲ್ಲ.

"ತನಿಖೆಗೆ ಇನ್ನೂ ನಲವತ್ತೊಂದು ದಿನ ಇದೆ," ಎಂದಳು. "ಮಕ್ಕಳನ್ನ ದಾಟಿಸ್ತೀನಿ. ಅವಳನ್ನ ಮಾತ್ರ ಬಿಡಲ್ಲ."

ಮರುದಿನ ಬೆಳಗ್ಗೆ ಮೇಡಂ ಕೋಣೆಗೆ ಹೋಗಿ ಅವಳು ಹೇಳಿದ್ದು ಇಷ್ಟು. ತನಿಖೆಯವರು ಮಕ್ಕಳ ಕೈಯಿಂದಲೇ ಮಾಡಿಸಿ ನೋಡುತ್ತಾರೆ, ಬರೀ ಬರವಣಿಗೆಯಿಂದ ಆಗುವುದಿಲ್ಲ. ಲ್ಯಾಬ್ ಖಾಲಿ ಮಾಡಿಸಿ, ನಾನು ಬೆಳಗ್ಗೆ ಆರೂವರೆಗೆ ಬೀಗ ತೆಗೆಯುತ್ತೇನೆ. ಪ್ರತಿ ಪ್ರಯೋಗಕ್ಕೂ ವಿಜ್ಞಾನ ಪದವಿ ಇರುವ ಶಿಕ್ಷಕರ ಸಹಿ ಬೇಕು, ಶಾಲೆಯಲ್ಲಿ ಅಂಥವರು ಈಗ ನೀವೊಬ್ಬರೇ. ಪಾಠ ನೀವೇ ಮಾಡಬೇಕು. ಮೇಡಂ ಮುಖ ಗಂಟಿಕ್ಕಿಕೊಂಡು ಒಪ್ಪಿದರು. ಒಪ್ಪದೆ ಎಲ್ಲಿಗೆ ಹೋಗುತ್ತಾರೆ?

ಮುಂದಿನ ದಿನಗಳನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ನಾನೂ ಬೆಳಗ್ಗೆ ಬೇಗ ಹೋಗಿ, ಯಾವುದೋ ಕಡತ ಹಿಡಿದು ಲ್ಯಾಬಿನ ಕಿಟಕಿಯ ಬಳಿ ನಿಲ್ಲುತ್ತಿದ್ದೆ. ಮೇಡಂಗೆ ಲ್ಯಾಬಿನ ತಲೆಬುಡ ಗೊತ್ತಿರಲಿಲ್ಲ. ಮೊದಲ ದಿನವೇ ಲಿಟ್ಮಸ್ ಕಾಗದವನ್ನು ಆಮ್ಲದ ಬಾಟಲಿಗೇ ಅದ್ದಲು ಹೋದರು.

"ಮೇಡಂ, ಹಾಗೆ ಅದ್ದಿದ್ರೆ ಇಡೀ ಬಾಟಲಿ ಹಾಳು" ಎಂದಳು ಅತ್ತಿಗೆ, ಕೊನೆಯ ಬೆಂಚಿಗೂ ಕೇಳುವ ಹಾಗೆ. ಮಕ್ಕಳು ಕಿಸಕ್ಕೆಂದರು.

ಎರಡನೆಯ ದಿನ ಪರೀಕ್ಷಾನಳಿಕೆ ಕಾಯಿಸುವಾಗ ಬಾಯನ್ನು ನೇರವಾಗಿ ಒಬ್ಬ ಹುಡುಗಿಯ ಮುಖದತ್ತ ಹಿಡಿದಿದ್ದರು. ಅತ್ತಿಗೆ ಏನೂ ಹೇಳದೆ ಆಕೆಯ ಮಣಿಕಟ್ಟನ್ನು ಹಿಡಿದು ಗೋಡೆಯ ಕಡೆ ತಿರುಗಿಸಿದಳು, ಒಂದನೆಯ ತರಗತಿಯ ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ. ಮೂರನೆಯ ದಿನದಿಂದ ಪಾಠ ಮಾಡುವವಳು ಅತ್ತಿಗೆಯೇ ಆದಳು. ಮೇಡಂ ಪಕ್ಕದಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತಿರುತ್ತಿದ್ದರು. ಮಕ್ಕಳು ಹೋದ ಮೇಲೆ, "ಒಬ್ಬಳಿಗೆ ಇಷ್ಟು ತೊಳೆಯೋಕಾಗಲ್ಲ ಮೇಡಂ, ನಾಳೆಯ ಬ್ಯಾಚಿಗೆ ಬೇಕು" ಎಂದು ಬ್ರಷ್ ಕೈಗೆ ಕೊಡುತ್ತಿದ್ದಳು. ಮೇಡಂ ತೊಳೆದದ್ದನ್ನು ಬೆಳಕಿಗೆ ಹಿಡಿದು, "ಇನ್ನೊಂದ್ಸಲ" ಎನ್ನುತ್ತಿದ್ದಳು. ನನ್ನ ಲೋಟಗಳಿಗೆಲ್ಲ ಅಲ್ಲಿ ನ್ಯಾಯ ಸಿಕ್ಕಿತು.

ಕೊನೆಗೆ ದಿನಚರಿ ತೆರೆದು, ಬೆರಳಿಟ್ಟು ತೋರಿಸುತ್ತಿದ್ದಳು. "ಇಲ್ಲಿ ಸಹಿ, ಮೇಡಂ." ಇಲಾಖೆಯ ಆ ಪುಸ್ತಕದ ಪ್ರತಿ ಪುಟದ ಬುಡದಲ್ಲಿ, ಸಹಿಯ ಜಾಗದ ಮೇಲೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಿದೆ. "ಹಿಂದಿನ ಎಲ್ಲ ನಮೂದುಗಳನ್ನು ಓದಿದ್ದೇನೆ, ಸರಿಯಾಗಿವೆ." ಹೆಡ್ ಆದವರು ದಿನಕ್ಕೆ ನೂರು ಕಾಗದಕ್ಕೆ ಸಹಿ ಹಾಕುತ್ತಾರೆ, ಒಂದನ್ನೂ ಓದುವುದಿಲ್ಲ. ನಾನು ಟೈಪು ಮಾಡಿಕೊಟ್ಟದ್ದನ್ನೂ ಮೇಡಂ ಎಂದೂ ಓದಿದವರಲ್ಲ. ಹೀಗೆ ಒಂದರ ಮೇಲೊಂದು ಮೂವತ್ತೆಂಟು ಪುಟಕ್ಕೆ ಮೂವತ್ತೆಂಟು ಸಹಿ ಬಿದ್ದವು.

ಮಕ್ಕಳು ಮಾತ್ರ ಚಿಗುರಿಕೊಂಡರು. ಹನಿಹನಿಯಾಗಿ ಬಿಡುತ್ತಿದ್ದಾಗ ಫ್ಲಾಸ್ಕಿನ ದ್ರಾವಣ ಒಂದೇ ಹನಿಗೆ ತಿಳಿ ಗುಲಾಬಿಯಾದಾಗ ನನ್ನ ಮಗಳು ಕೂಗಿದ ಕೂಗು ಆಫೀಸಿನವರೆಗೂ ಕೇಳಿಸಿತು. ಉರುಹೊಡೆದು ಉರುಹೊಡೆದು ಮಂಕಾಗಿದ್ದ ಹುಡುಗರು ಆರು ಗಂಟೆಗೇ ಬಂದು ಬಾಗಿಲ ಮುಂದೆ ಕಾಯುತ್ತಿದ್ದರು.

ಇಪ್ಪತ್ತನೆಯ ದಿನವೋ ಏನೋ, ಮೇಡಂ ಫ್ಲಾಸ್ಕ್ ಒಂದನ್ನು ಬೀಳಿಸಿದರು. ಮಕ್ಕಳು ಹೊರಟುಹೋಗಿದ್ದರು. ಅತ್ತಿಗೆ ಚೂರು ಆರಿಸುತ್ತ, ತಲೆಯೆತ್ತದೆ ಕೇಳಿದಳು.

"ಎಂಟು ಶನಿವಾರ ಹೋಗಿ ಬಂದವರಿಗೆ ಇಷ್ಟೂ ಬರಲ್ವಾ?"

ಅಷ್ಟು ವರ್ಷದಲ್ಲಿ ಆ ವಿಷಯ ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಮೇಡಂ ಸ್ಟೂಲೆಳೆದು ಕೂತರು. ಒದ್ದೆ ಕೈ ಹಾಗೇ ತೊಡೆಯ ಮೇಲಿತ್ತು.

"ನಾನು ಹೋಗ್ಲೇ ಇಲ್ಲ," ಎಂದರು. "ಬಸ್ಸಿನಲ್ಲಿ ಅಷ್ಟು ದೂರ ಯಾಕೆ ಅಂತ ಅಪ್ಪ ಬೇಡ ಅಂದ್ರು. ಅಂಕ ಅವರೇ ಹೇಳಿ ಹಾಕಿಸಿದ್ರು. ಆಮೇಲೆ ಕಾಲೇಜಲ್ಲೂ ಹಾಗೇ, ಜೊತೆಯವರು ಮಾಡಿದ್ದನ್ನ ನಕಲು ಮಾಡ್ಕೊಂಡೆ."

"ಉಳಿದವರು?"

"ಇಬ್ಬರು ಹೋಗ್ತಿದ್ರು ಅನ್ಸುತ್ತೆ. ಮಿಕ್ಕವರು ಯಾರೂ ಹೋಗ್ಲಿಲ್ಲ."

ಅತ್ತಿಗೆಯ ಕೈಯಲ್ಲಿ ಗಾಜಿನ ಚೂರು ನೆಟ್ಟು ರಕ್ತ ಬರುತ್ತಿತ್ತು. ಅವಳು ನೋಡಿಕೊಳ್ಳಲಿಲ್ಲ. ಕಿಟಕಿಯ ಹೊರಗಿದ್ದ ನಾನೇ ಒಳಗೆ ಓಡಿ ಹೋಗಿ ಬಟ್ಟೆ ಸುತ್ತಿದೆ.

ಮನೆಗೆ ಬಂದ ಮೇಲೆ ಅವಳು ಉಣ್ಣಲಿಲ್ಲ. "ನನ್ನ ಜಾಗದಲ್ಲಿ ಯಾರೋ ಕೂತಿದ್ರು, ಕಲಿತ್ರು ಅಂದ್ಕೊಂಡಿದ್ದೆ," ಎಂದಳು. "ಹಾಳಾಗ್ಲಿ, ಒಬ್ಬರಿಗಾದ್ರೂ ಉಪಯೋಗ ಆಯ್ತಲ್ಲ ಅಂತ ಎಷ್ಟೋ ಸಲ ಸಮಾಧಾನ ಮಾಡ್ಕೊಂಡಿದ್ದೆ. ಆರು ಸ್ಟೂಲು ಖಾಲಿ ಇದ್ವಂತೆ ಕಣೇ. ಎಂಟು ಶನಿವಾರ, ಖಾಲಿ."

ನನ್ನ ಬಾಯಿಗೆ ಬೈಗುಳ ಮಾತ್ರ ಬಂತು, ಬೈದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಲ್ಲಿಯವರೆಗೆ ಮೇಡಂ ಒಂದು ದಿನ ಕೈಮುಗಿದು ಕೇಳಿದ್ದರೆ ಅವಳು ಕರಗಿಬಿಡುತ್ತಿದ್ದಳೋ ಏನೋ, ಮೂರು ವಾರ ಜೊತೆಗೆ ಗಾಜು ತೊಳೆದವರು. ಅಂದಿನಿಂದ ಆ ಭಯ ನನಗೆ ಉಳಿಯಲಿಲ್ಲ.

ತನಿಖಾಧಿಕಾರಿ ಬಂದ ದಿನ ಲ್ಯಾಬು ಕನ್ನಡಿಯಂತಿತ್ತು. ವಯಸ್ಸಾದ ಮನುಷ್ಯ, ಮಾತು ಕಡಿಮೆ. ನಾಲ್ಕು ಗಂಟೆ ನಿಂತು ಅರವತ್ಮೂರು ಮಕ್ಕಳ ಕೈಯಲ್ಲಿ ಒಂದೊಂದು ಪ್ರಯೋಗ ಮಾಡಿಸಿದರು. ಒಬ್ಬರೂ ತಪ್ಪಲಿಲ್ಲ. ಎಲ್ಲರ ಹೆಸರಿನ ಮುಂದೆ ಪಾಸು ಎಂದು ಬರೆದು, ಹಾಳೆಗೆ ಸಹಿ ಹಾಕಿ ಲಕೋಟೆ ಅಂಟಿಸುವವರೆಗೂ ಅತ್ತಿಗೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಲಕೋಟೆಗೆ ಅರಗು ಬಿದ್ದ ಮೇಲೆ ಕೋಣೆಯ ಮೂಲೆಗೆ ಹೋಗಿ ದಿನಚರಿ ತಂದಳು.

"ನಮ್ಮಲ್ಲಿ ಲ್ಯಾಬು ಒಂದು ವರ್ಷವೂ ನಿಲ್ಲಲಿಲ್ಲ ಸಾರ್," ಎನ್ನುತ್ತಿದ್ದರು ಮೇಡಂ, ನಗುತ್ತ. "ನಿಯಮ ಇರಲಿ ಬಿಡಲಿ, ನಾನು ಮಕ್ಕಳಿಗೆ ಮಾಡಿಸ್ತಾನೇ ಬಂದೆ. ಅದರಲ್ಲೇ ಎಲ್ಲ ಇದೆ."

ತನಿಖಾಧಿಕಾರಿ ಮೂರು ವರ್ಷ ಹಿಂದಿನ ಪುಟ ತೆರೆದರು. "ತೆರೆಯಲಾಯಿತು. ತರಗತಿ ಇಲ್ಲ. ಮುಚ್ಚಲಾಯಿತು" ಎಂದು ಗಟ್ಟಿಯಾಗಿ ಓದಿದರು. ಮುಂದಿನ ಸಾಲಿಗೆ ಬೆರಳು ಇಳಿಯಿತು. ತರಗತಿ ಇಲ್ಲ. ಪುಟ ತಿರುಗಿಸಿದರು. ತರಗತಿ ಇಲ್ಲ. ಮೇಡಂ ಮುಖದ ನಗು ಅಲ್ಲೇ ಇತ್ತು, ತೆಗೆಯುವುದು ಮರೆತ ಹಾಗೆ. ಅದನ್ನು ನೋಡಲು ನಾನು ಕಡತ ಕಂಕುಳಲ್ಲಿ ಒತ್ತಿಕೊಂಡು ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದೆ.

"ಇದು ಸುಳ್ಳು! ಇವಳು ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಬರೆದಿದ್ದಾಳೆ!"

ತನಿಖಾಧಿಕಾರಿ ಕೊನೆಯ ಪುಟಗಳಿಗೆ ಬಂದು, ಬುಡದ ಸಣ್ಣ ಅಕ್ಷರದ ಸ್ವಲ್ಪ ಕೆಳಗೆ ಬೆರಳಿಟ್ಟರು. "ಇದು ನಿಮ್ಮ ಸಹಿಯಲ್ವಾ? ಎಲ್ಲ ಓದಿದ್ದೇನೆ, ಸರಿಯಾಗಿದೆ ಅಂತ ಮೂವತ್ತೆಂಟು ಸಲ ಬರೆದುಕೊಟ್ಟಿದ್ದೀರಿ."

ಅತ್ತಿಗೆ ಏಪ್ರನ್ನಿನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಪುಸ್ತಕದ ಮೇಲಿಟ್ಟಳು. "ಇದೂ ಇದೆ ಸಾರ್. ಪುಟ ತುಂಬಿಸು ಅಂತ ನನಗೆ ಕೊಟ್ಟಿದ್ದು."

ಅವರು ಬಿಡಿಸಿ ಓದಿದರು. ಅವಳನ್ನೂ ಕಾಗದವನ್ನೂ ಎರಡು ಮೂರು ಸಲ ನೋಡಿದರು. "ಅಮ್ಮಾ, ಈ ಮಕ್ಕಳಿಗೆ ಕಲಿಸಿದ್ದು ನೀವೇ ಅಂತ ನನಗೆ ಕಾಣ್ತಾ ಇದೆ. ಇದನ್ನ ಅರ್ಜಿ ಅಂತ ಕೊಟ್ರೆ ನಾಳೆನೇ ನಿಮ್ಮ ಸರ್ಟಿಫಿಕೇಟಿಗೆ ಬರೀತೀನಿ. ದೂರು ಅಂತ ಕೊಟ್ರೆ ಸಾಕ್ಷಿಯಾಗಿ ಕಡತಕ್ಕೆ ಹೋಗುತ್ತೆ, ನಿಮಗೆ ವಾಪಸ್ ಬರಲ್ಲ. ಮುಂದಿನ ವರ್ಷ ಈ ಕಲಮು ಇರಲ್ಲ."

"ದೂರು" ಎಂದಳು ಅತ್ತಿಗೆ.

ಮನೆಗೆ ಬಂದ ಮೇಲೆ ನಾನು ಅವಳ ಮೇಲೇ ಹರಿಹಾಯ್ದೆ. "ಸರ್ಟಿಫಿಕೇಟು ಇಸ್ಕೊಂಡು ಆಮೇಲೆ ಹೊಡೀಬಹುದಿತ್ತಲ್ಲ! ಪುಸ್ತಕ ಒಂದೇ ಸಾಕಿತ್ತಲ್ಲ ಅವಳಿಗೆ! ಬುದ್ಧಿ ಬೇಡ್ವಾ?"

"ಅವಳ ಸಹಿಯಿಂದ ಪಾಸಾಗ್ಲಾ?" ಎಂದಳು.

ವಿಚಾರಣೆ ಬೇಗ ಮುಗಿಯಿತು. ಮೇಡಂರನ್ನು ಹೆಡ್ ಹುದ್ದೆಯಿಂದ ಇಳಿಸಿ, ಎಲ್ಲೋ ಹಳೆಯ ಕಾಗದ ಜೋಡಿಸುವ ವಿಭಾಗಕ್ಕೆ ಎತ್ತಂಗಡಿ ಮಾಡಿದರು. ಫಲಕ ವಾಪಸು ಹೋಯಿತು. ಅರವತ್ಮೂರು ಮಕ್ಕಳಿಗೂ ಸರ್ಟಿಫಿಕೇಟು ಬಂತು. ನಾನು ಬೀದಿಯ ಉದ್ದಕ್ಕೂ ಎಲ್ಲರಿಗೂ ಹೇಳಿಕೊಂಡು ಬಂದೆ, ನಡುನಡುವೆ ಸ್ವಲ್ಪ ಮಸಾಲೆಯನ್ನೂ ಸೇರಿಸಿದೆ.

ಹೊರಡುವ ದಿನ ಮಧ್ಯಾಹ್ನ ಮೇಡಂ ಲ್ಯಾಬಿಗೆ ಬಂದರು. ಸಾಮಾನಿನ ಪಟ್ಟಿ ಮಾಡಲು ನಾನು ಅತ್ತಿಗೆಯ ಪಕ್ಕದಲ್ಲಿ ಕೂತಿದ್ದೆ. ಆಕೆ ನನ್ನ ಕಡೆ ನೋಡಲೂ ಇಲ್ಲ. ಕೈಯಲ್ಲಿ ಅಪ್ಪನ ಫೋಟೋ, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದು. ಒಮ್ಮೆಲೇ ಹತ್ತು ವರ್ಷ ಮುದುಕಿಯಾದಂತೆ ಕಂಡರು. ಅದನ್ನು ನೋಡಿ ನನಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

"ನಾನು ಲ್ಯಾಬ್ ಮುಚ್ಚಿಸಿದ್ದು ತಪ್ಪು, ಒಪ್ಕೋತೀನಿ," ಎಂದರು. "ಆದ್ರೆ ನೀನು ಹೊಡೆದದ್ದು ಅದಕ್ಕಲ್ಲ." ಮೂವತ್ತೈದು ವರ್ಷದ ಮೇಲೆ ಮತ್ತೆ ನೀನು ಎಂದರು. "ಸುತ್ತೋಲೆ ಮುಚ್ಚಿಟ್ಟಿದ್ದು ನಾನಲ್ಲ. ಪಟ್ಟಿ ಬರೆದದ್ದೂ ನಾನಲ್ಲ. ಹದಿನಾರು ವರ್ಷದ ಹುಡುಗಿ ನಾನು, ಅಪ್ಪನ ಎದುರು ಏನು ಮಾತಾಡ್ಲಿ? ನಿನಗೂ ಗೊತ್ತು ಇದು."

"ಗೊತ್ತು" ಎಂದಳು ಅತ್ತಿಗೆ.

"ಮತ್ತೆ ನನ್ನ ಮೇಲೆ ಯಾಕೆ?"

ಅತ್ತಿಗೆ ಕೈಯಲ್ಲಿದ್ದ ಬೀಕರನ್ನು ಮೇಜಿನ ಮೇಲೆ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವರು ಸತ್ತುಹೋದ್ರು," ಎಂದಳು. "ಸಿಕ್ಕಿದ್ದು ನೀನು."

ಮೇಡಂ ಫೋಟೋ ಹಿಡಿದುಕೊಂಡು ಹೊರಟುಹೋದರು. ಇಷ್ಟು ವರ್ಷ ಅತ್ತಿಗೆಯ ಬೆಂಕಿಗೆ ಸೌದೆ ಒಟ್ಟುತ್ತ ಬಂದವಳು ನಾನೇ. ಆ ಹೊತ್ತು ತಲೆಯೆತ್ತಿ ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.